ಕೆಂಪು ಹಿಡಿದ ಭರಣಿ

ಅತ್ತಿಗೆ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದೇ ತಡ, "ಇಶ್ಶೀ!" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಕೋಡಿಂಬಾಳದ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ನಾನು ಚಾ ಹಿಡಿದುಕೊಂಡು ನಿಂತಿದ್ದೆ. ಕೂತು ಚಾ ಕುಡಿಯುವ ಅಭ್ಯಾಸ ನನಗಿಲ್ಲ. ಕೂತರೆ ಏನೋ ಕೈತಪ್ಪಿ ಹೋಗುತ್ತದೆ ಎಂಬ ಹೆದರಿಕೆ ನನಗೆ ಸಣ್ಣಂದಿನಿಂದಲೂ ಇದೆ. ನನ್ನ ಗಂಡ ಇದಕ್ಕೆ ಕಾಲಿಗೆ ಚಕ್ರ ಎನ್ನುತ್ತಾರೆ. ಅವ್ವನ ಮಾತು ಅಷ್ಟು ನಯ ಅಲ್ಲ, ಅವಳು "ಇವಳ ಕುಂಡೆಗೆ ಮುಳ್ಳುಂಟು" ಎನ್ನುತ್ತಾಳೆ. ನಮ್ಮ ಮನೆಯ ಮಾತು ಅರೆಭಾಷೆ. ಓದುವವರಿಗೆ ತೊಡಕಾಗದಿರಲಿ ಎಂದು ಇಲ್ಲಿ ಎಲ್ಲರ ಬಾಯಲ್ಲೂ ಪುತ್ತೂರು ಪೇಟೆಯ ಕನ್ನಡವನ್ನೇ ಆಡಿಸಿದ್ದೇನೆ.

"ಪೂರಾ ಹಾಳು ಮಾರಾಯ್ತಿ. ನೋಡು, ಕೆಂಪು ಹಿಡ್ದಿದೆ," ಎಂದರು ಅತ್ತಿಗೆ.

ಬೇಸಗೆಯಲ್ಲಿ ಹಾಕಿಟ್ಟ ಉಪ್ಪುಸೊಳೆ ಅದು. ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ, ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿ, ಮೇಲೊಂದು ಕಲ್ಲು ಹೇರಿ ಬಾಯಿ ಕಟ್ಟಿಟ್ಟರೆ ಜಡಿಮಳೆಯ ಆಟಿ ತಿಂಗಳಲ್ಲಿ ಪಲ್ಯಕ್ಕೂ ರೊಟ್ಟಿಗೂ ಆಗುತ್ತದೆ. ಅತ್ತಿಗೆಯದು ಉಪ್ಪಿನ ವಿಷಯದಲ್ಲಿ ಧಾರಾಳದ ಕೈ. ಈ ಸಲ ಎಷ್ಟು ಸುರಿದಿದ್ದರೆಂದರೆ, ಹರಳು ಇನ್ನೂ ಕರಗದೆ ಸೊಳೆಗಳ ನಡುವೆ ಹಾಗೇ ಕೂತಿತ್ತು. ಮೇಲಿನ ನೀರು ಮಾತ್ರ ದಾಸವಾಳದ ಹೂ ಕಿವುಚಿದ ಹಾಗೆ ಕೆಂಪಾಗಿತ್ತು. ಅವರು ಸೀರೆ ಎತ್ತಿ ಸಿಕ್ಕಿಸಿ, ತೆಂಗಿನ ಬುಡಕ್ಕೆ ಚೆಲ್ಲಲೆಂದು ಭರಣಿಯನ್ನು ಎತ್ತಿದರು.

"ಚೆಲ್ಲಬೇಡಿ!" ಎಂದು ನಾನು ಬೊಬ್ಬೆ ಹಾಕಿದೆ. ಕೈಯಲ್ಲಿದ್ದ ಚಾ ನೆಲಕ್ಕೆ ಚೆಲ್ಲಿತು.

"ಎಂತ ಬೊಬ್ಬೆ ಅದು? ಹಾವು ಬಂತಾ?" ಎಂದು ಚಾವಡಿಯಿಂದ ಅವ್ವ ಕೇಳಿದಳು.

ಅವಳು ಎದ್ದು ಬರುವ ಹಾಗಿರಲಿಲ್ಲ. ಎರಡು ತಿಂಗಳ ಹಿಂದೆ ರಬ್ಬರ್ ತೋಟದಲ್ಲಿ, ಹಾಲು ಹಿಡಿಯುವ ಚಿಪ್ಪನ್ನು ಮರಕ್ಕೆ ಕಟ್ಟುವ ತಂತಿಯ ತುಂಡೊಂದು ಅವಳ ಬಲಗಾಲಿನ ಹೆಬ್ಬೆರಳಿನ ಬುಡಕ್ಕೆ ಚುಚ್ಚಿತ್ತು. ಚುಚ್ಚಿದ್ದು ಅವಳಿಗೆ ಗೊತ್ತಾದದ್ದೇ ಮರುದಿನ, ಚಾಪೆಯಲ್ಲಿ ರಕ್ತ ಕಂಡ ಮೇಲೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವಳದು. ಸಣ್ಣ ತೂತು ಹುಣ್ಣಾಯಿತು, ಹುಣ್ಣು ಕೀವಾಯಿತು. ಪುತ್ತೂರಿನ ಡಾಕ್ಟರು ಕೀವನ್ನು ಪರೀಕ್ಷೆಗೆ ಕಳಿಸಿದರು. ಆ ರಿಪೋರ್ಟನ್ನು ಓದಿದವಳು ನಾನೇ. ಯಾವ ಔಷಧಿಗೆ ರೋಗಾಣು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿ ಅದು. ಬಗ್ಗದಿದ್ದರೆ ಎದುರಿಗೆ 'ಆರ್' ಎಂಬ ಅಕ್ಷರ. ಮೇಲಿನಿಂದ ಕೆಳಗೆ ಆರ್, ಆರ್, ಆರ್. ಕೊನೆಯ ಎರಡು ಇಂಜೆಕ್ಷನ್ ಮಾತ್ರ ಉಳಿದಿದ್ದವು.

"ಎಲುಬಿಗೆ ಇಳಿಯದ ಹಾಗೆ ನೋಡ್ಕೊಳ್ಳಿ," ಎಂದಿದ್ದರು ಡಾಕ್ಟರು. "ಒಣಗಿರ್ಬೇಕು, ಕ್ಲೀನ್ ಇರ್ಬೇಕು. ಎಲುಬಿಗೆ ಇಳಿದ್ರೆ ಬೆರಳು ತೆಗಿಬೇಕಾಗ್ತದೆ. ಮತ್ತೆ ಅದು ಎಲ್ಲಿಗೆ ಹೋಗಿ ನಿಲ್ತದೆ ಅಂತ ನಾನು ಹೇಳುದಿಲ್ಲ."

ಅವ್ವನಿಗೆ ಕಾಲು ಎಂದರೆ ಜೀವ. ಎಪ್ಪತ್ತೆರಡರಲ್ಲೂ ತೋಟಕ್ಕೆ ದಿನಕ್ಕೆರಡು ಸಲ ಹೋಗಿ ಬರುವವಳು, ಅಂಗಡಿಗೂ ನಡೆದೇ ಹೋಗುವವಳು. ನನ್ನ ಕಾಲಿನ ಚಕ್ರ ಬಂದದ್ದೇ ಅವಳಿಂದ. ಅಂಥವಳು ಈಗ ಕುರ್ಚಿಯಲ್ಲಿ ಕೂತು, ಸ್ಟೂಲಿನ ಮೇಲೆ ಕಾಲಿಟ್ಟು, ಹೋಗಿ ಬರುವವರನ್ನು ಬೈಯುತ್ತಿದ್ದಳು. ಆ ದಿವಸಗಳಲ್ಲಿ ನಾನು ಬೇಡುತ್ತಿದ್ದದ್ದು ಒಂದೇ: ಅವಳ ಕಾಲು ಉಳಿಯಲಿ.

ಅತ್ತಿಗೆಯ ಕೈಯಿಂದ ಭರಣಿ ಇಳಿಸಿ, ತೊಳೆದು ಒಣಗಿಸಿದ ಹಾರ್ಲಿಕ್ಸ್ ಬಾಟಲಿಗೆ ಒಂದಿಷ್ಟು ಕೆಂಪು ನೀರು ತುಂಬಿಸಿಕೊಂಡೆ. ಉಳಿದದ್ದನ್ನು ಹಾಗೇ ಬಚ್ಚಲಿನ ಮೂಲೆಯಲ್ಲಿ ಇಡಲು ಹೇಳಿದೆ. ಅತ್ತಿಗೆ ನನ್ನ ಮುಖ ನೋಡಿ, "ನಿನ್ನ ಕಾಲೇಜಲ್ಲಿ ಬೇರೆ ಕೆಲಸ ಇಲ್ವಾ?" ಎಂದರು. ಅವರಿಗೆ ನಾನು ಕಾರಣ ಹೇಳಲಿಲ್ಲ. ಕಾರಣ ಬಹಳ ಹಳೆಯದು.

ಆಗ ನಾವು ಸುಳ್ಯದ ಕಡೆಯ ಹಳೇ ಮನೆಯಲ್ಲಿದ್ದೆವು. ನಾನು ಏಳನೇ ಕ್ಲಾಸು. ದೊಡ್ಡವಳಾಗಿ ಎರಡೋ ಮೂರೋ ತಿಂಗಳಾಗಿತ್ತು ಅಷ್ಟೇ. ಹೊರಗೆ ಕೂತ ಮೂರು ದಿನ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ, ಉಪ್ಪಿನಕಾಯಿ, ಉಪ್ಪುಸೊಳೆಯ ಭರಣಿಯ ಹತ್ತಿರ ನೆರಳೂ ಬೀಳುವ ಹಾಗಿಲ್ಲ. ನಾನು ಮಿಂದು ಒಳಗೆ ಬಂದ ಎರಡನೇ ದಿನ ಸೋದರಮಾವ ಮನೆಗೆ ಬಂದಿದ್ದರು. ಅವ್ವ ರೊಟ್ಟಿ ಮಾಡಲೆಂದು ಭರಣಿ ಬಿಚ್ಚಿದಳು. ನೀರು ಕೆಂಪು.

ಅವಳು ನೇರ ನನ್ನ ಹತ್ತಿರ ಬಂದಳು. ಯಾರು, ಏನು, ಎತ್ತ ಎಂದು ಒಂದು ಮಾತೂ ಇಲ್ಲ. "ಮುಟ್ಟಿದ್ದೀಯಾ?"

"ಇಲ್ಲ."

"ಹಲಸಿನ ಸೊಳೆ ಅಂದ್ರೆ ನೀನು ಬಾಯಿ ಬಿಡ್ತಿ. ಯಾರೂ ಇಲ್ಲದಾಗ ಕೈ ಹಾಕಿದ್ದೀ."

"ದೈವದಾಣೆ ಅವ್ವ, ನಾನು ಮುಟ್ಟಲಿಲ್ಲ."

ದೈವದ ಆಣೆ ಹಾಕಿದ್ದಕ್ಕೆ ಒಂದು ಪೆಟ್ಟು ಬಿತ್ತು. ಸುಳ್ಳಾಣೆ ಹಾಕಬಾರದು ಎಂದು. ಭರಣಿಯನ್ನು ತೆಂಗಿನ ಬುಡಕ್ಕೆ ಚೆಲ್ಲಿಸಿದಳು, ಬೂದಿ ಹಾಕಿ ತಿಕ್ಕಿಸಿದಳು, ನನ್ನಿಂದಲೇ. ಆ ವರ್ಷದ ಮಳೆಗಾಲ ಪೂರ್ತಿ ಊಟಕ್ಕೆ ಕೂತಾಗಲೆಲ್ಲ ಯಾರಾದರೊಬ್ಬರು "ಉಪ್ಪುಸೊಳೆ ಇದ್ದಿದ್ರೆ..." ಎಂದು ಶುರುಮಾಡುವುದು, ಅವ್ವ ನನ್ನ ಕಡೆ ನೋಡುವುದು. ಈ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ ಎಂದರೆ ನೀವು ನಗಬಹುದು. ನಗಿ. ಮಾಡದ ತಪ್ಪಿಗೆ ಪೆಟ್ಟು ತಿಂದವರಿಗೆ ಮಾತ್ರ ಗೊತ್ತು ಅದು.

ಮತ್ತೆ ಹತ್ತು ವರ್ಷ ಕಳೆದು ಮಂಗಳೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ ಓದುತ್ತಿದ್ದಾಗ, ಪಾಠದ ಪುಸ್ತಕದಲ್ಲಿ ಉಪ್ಪಿನ ಗದ್ದೆಯ ಒಂದು ಚಿತ್ರ ಕಂಡೆ. ನೀರು ಕೆಂಪು. ಅದೇ ಕೆಂಪು. ಕೆಳಗೆ ವಿವರ ಇತ್ತು: ಉಪ್ಪಿಲ್ಲದೆ ಬದುಕಲಾರದ ಜೀವಿಗಳಿವು. ನೋಡಲು ಬ್ಯಾಕ್ಟೀರಿಯಾದ ಹಾಗೆ, ಆದರೆ ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಕುಲ, ಆರ್ಕಿಯಾ ಎಂದು ಹೆಸರು. ಸಮುದ್ರದ ಉಪ್ಪು ಹರಳಾಗುವಾಗ ಹರಳಿನೊಳಗಿನ ಹನಿ ನೀರಿನಲ್ಲಿ ಸೇರಿಕೊಂಡು ಊರೂರಿಗೆ ಹೋಗುತ್ತವೆ. ಬೇರೆ ಜೀವಿಗಳು ಸತ್ತುಹೋಗುವಷ್ಟು ಉಪ್ಪಿದ್ದರೆ ಇವಕ್ಕೆ ಹಬ್ಬ. ಸಿಹಿನೀರಿಗೆ ಹಾಕಿದರೆ ಒಡೆದು ಸಾಯುತ್ತವೆ. ಭರಣಿಗೆ ನಾನು ಕೈ ಹಾಕಿರಲಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ಯಾರು ಹಾಕಿದ್ದು ಎಂದು ಗೊತ್ತಾದದ್ದು ಆ ದಿನ. ಲೈಬ್ರರಿಯಲ್ಲಿ ಕೂತು ಅತ್ತೆ. ರಜೆಗೆ ಬಂದಾಗ ಅವ್ವನಿಗೆ ಹೇಳಿದೆ. ಅವಳು ಬಂಗುಡೆ ಕೊಯ್ಯುತ್ತಿದ್ದವಳು ತಲೆ ಎತ್ತದೆ "ಹೌದಾ" ಎಂದಳು. ಅಷ್ಟೇ. ಕತ್ತಿ ನಿಲ್ಲಲೂ ಇಲ್ಲ.

ಆಮೇಲೆ ಪುತ್ತೂರಿನ ಒಂದು ಕಾಲೇಜಿನಲ್ಲಿ ನನಗೆ ಪಾಠ ಮಾಡುವ ಕೆಲಸ ಸಿಕ್ಕಿತು. ಮದುವೆ, ಮಕ್ಕಳು, ಉತ್ತರಪತ್ರಿಕೆಗಳ ಕಟ್ಟು. ನಡುವೆ ಉಪ್ಪಿನ ಜೀವಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವುಗಳಲ್ಲಿ ಒಂದು ಗುಣ ಉಂಟು, ಅದು ನನ್ನನ್ನು ಹಿಡಿದು ಅಲ್ಲಾಡಿಸಿತು. ಇರುವ ಜಾಗ ಸಣ್ಣದು, ತಿನ್ನುವುದಕ್ಕೂ ಕಮ್ಮಿ. ಹಾಗಾಗಿ ಒಂದೊಂದೂ ಒಂದು ಬಗೆಯ ಪ್ರೋಟೀನು ತಯಾರಿಸಿ ಹೊರಗೆ ಬಿಡುತ್ತದೆ, ಪಕ್ಕದವರನ್ನು ಕೊಲ್ಲಲು. ಹ್ಯಾಲೋಸಿನ್ ಎಂದು ಅದರ ಹೆಸರು. ಸಾಮಾನ್ಯವಾಗಿ ಅದು ಕೊಲ್ಲುವುದು ತನ್ನದೇ ದಾಯಾದಿಗಳನ್ನು, ನಮ್ಮಲ್ಲಿ ಬೇಲಿಯ ಜಗಳ ಅಣ್ಣತಮ್ಮಂದಿರಲ್ಲೇ ಜೋರು ಇರುವ ಹಾಗೆ. ಆದರೆ ಈ ಪ್ರೋಟೀನುಗಳು ಗಟ್ಟಿ. ಕೆಲವನ್ನು ಕುದಿಸಿದರೂ ಕೆಡುವುದಿಲ್ಲ. ಅವುಗಳಲ್ಲಿ ಕೆಲವಾದರೂ ಮನುಷ್ಯರ ರೋಗಾಣುಗಳ ಮೇಲೆ ಕೆಲಸ ಮಾಡಿಯಾವು, ಯಾವ ಮಾತ್ರೆಗೂ ಬಗ್ಗದ ಹುಣ್ಣುಗಳಿಗೆ ಮುಂದೊಂದು ದಿನ ಮದ್ದಾದೀತು ಎಂದು ಅಲ್ಲಲ್ಲಿ ಜನ ಹುಡುಕುತ್ತಿದ್ದಾರೆ. ಮುಂದೊಂದು ದಿನ ಎಂಬುದನ್ನು ದಯವಿಟ್ಟು ಗಮನಿಸಿ. ಗಾಜಿನ ತಟ್ಟೆಯಿಂದ ಮನುಷ್ಯನ ಮೈಗೆ ಬರುವ ದಾರಿ ವರ್ಷಗಟ್ಟಲೆಯದು. ನಾನು ಅದನ್ನು ಗಮನಿಸಲಿಲ್ಲ. ಅವ್ವನ ರಿಪೋರ್ಟಿನ ಆರ್‌ಗಳ ಸಾಲು ಕಣ್ಣ ಮುಂದೆ ಕುಣಿಯುತ್ತಿತ್ತು.

ಹಾರ್ಲಿಕ್ಸ್ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೋಡಿಂಬಾಳದಿಂದ ಲೋಕಲ್ ರೈಲಿನಲ್ಲಿ ಪುತ್ತೂರಿಗೆ ಬಂದೆ. ಈ ಜೀವಿಗಳಿಗೆ ಅವಸರ ಎಂಬುದೇ ಇಲ್ಲ. ಉಳಿದ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಬೆಳೆದು ನಿಂತರೆ ಇವು ವಾರ, ಎರಡು ವಾರ ತೆಗೆದುಕೊಳ್ಳುತ್ತವೆ. ನನಗೋ ಎರಡು ನಿಮಿಷ ಕಾಯಲಾಗದು. ಪಾಠದ ನಡುವೆ, ಊಟದ ನಡುವೆ ಎದ್ದು ಹೋಗಿ ಲ್ಯಾಬಿನ ಬಾಗಿಲು ತೆಗೆದು ನೋಡುವುದು. ಮನೆಯಲ್ಲಿ ಹಾಲು ಉಕ್ಕಿ ಹೋಯಿತು ಮೂರು ಸಲ. ಕೊನೆಗೆ ಹದಿನಾರನೇ ದಿನ ಫ್ಲಾಸ್ಕಿನ ನೀರು ಕೆಂಪಾಯಿತು.

ಆ ನೀರನ್ನು ಸೋಸಿ, ಜೀವಿಗಳನ್ನು ಬೇರೆ ಮಾಡಿ, ಅವು ಬಿಟ್ಟ ಪ್ರೋಟೀನು ಇರಬಹುದಾದ ತಿಳಿಯನ್ನು ತೆಗೆದುಕೊಂಡೆ. ಅವ್ವನ ಕಾಲಿನಲ್ಲಿದ್ದ ರೋಗಾಣುವಿನ ಜಾತಿಯದ್ದೇ ಒಂದು ತಳಿ, ಮಕ್ಕಳ ಪಾಠಕ್ಕೆಂದು ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿತ್ತು. ಪಾಪದ ತಳಿ ಅದು, ಎಲ್ಲ ಔಷಧಿಗೂ ಸಾಯುವಂಥದ್ದು. ಅದನ್ನು ತಟ್ಟೆಯ ತುಂಬ ಹರಡಿ, ನಡುವೆ ಸಣ್ಣ ಗುಂಡಿ ಮಾಡಿ, ಗುಂಡಿಗೆ ನನ್ನ ತಿಳಿ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ಗುಂಡಿಯ ಸುತ್ತ ಉಂಗುರದ ಹಾಗೆ ಖಾಲಿ ಜಾಗ. ಅಲ್ಲಿ ರೋಗಾಣು ಬೆಳೆದಿರಲಿಲ್ಲ.

ಅಬ್ಬಾ, ಆ ಖುಷಿ! ತಟ್ಟೆ ಹಿಡಿದುಕೊಂಡು ಲ್ಯಾಬಿನಲ್ಲಿ ಒಂದು ಸುತ್ತು ಬಂದೆ. ಫೋಟೋ ತೆಗೆದೆ. ಅವತ್ತು ಶನಿವಾರ. ಅರ್ಧ ದಿನದ ಕಾಲೇಜು ಮುಗಿದದ್ದೇ ಸ್ಟೇಷನ್ನಿಗೆ ಓಡಿದೆ. ಕೋಡಿಂಬಾಳಕ್ಕೆ ಒಂದು ಸ್ಟೇಷನ್ ಮೊದಲು, ಎಡಮಂಗಲ ದಾಟುವಾಗಲೇ ಎದ್ದು ಹೋಗಿ ಬಾಗಿಲ ಹತ್ತಿರ ನಿಂತಿದ್ದೆ.

ಅವ್ವ ಚಾವಡಿಯಲ್ಲಿ ಕೂತಿದ್ದಳು. ಮೊಬೈಲನ್ನು ಅವಳ ಮುಖದ ಹತ್ತಿರ ಹಿಡಿದೆ.

"ನೋಡು ಅವ್ವ. ಈ ಮಬ್ಬು ಮಬ್ಬು ಕಾಣುದು ಉಂಟಲ್ಲ, ಅದು ನಿನ್ನ ಕಾಲಲ್ಲಿ ಇರುವ ರೋಗಾಣುವಿನ ಜಾತಿ. ನಡುವಿನ ಗುಂಡಿಗೆ ನಾನು ಹಾಕಿದ್ದು ಆ ಭರಣಿಯ ನೀರು. ಸುತ್ತ ಖಾಲಿ ಉಂಟಲ್ಲ? ಅಷ್ಟೂ ಸತ್ತದ್ದು!"

ಭರಣಿಯ ನೀರು ಅಂದೆ. ತಿಳಿ, ಸೋಸುವುದು, ಪ್ರೋಟೀನು ಇವನ್ನೆಲ್ಲ ಬಿಡಿಸಿ ಹೇಳುವ ವ್ಯವಧಾನ ಇರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು, ಅದು ಮುಂದಿನ ಮಾತಿನಲ್ಲಿ ಹೊರಗೆ ಬಂತು.

"ನೀನು ಅವತ್ತು ತೆಂಗಿನ ಬುಡಕ್ಕೆ ಚೆಲ್ಲಿಸಿದ್ದು ಇದನ್ನೇ. ನನ್ನ ಮುಟ್ಟಿನಿಂದ ಆದದ್ದು ಅಂತ ಹೇಳಿದಿ ಅಲ್ವಾ? ಪೆಟ್ಟು ಹಾಕಿದಿ ಅಲ್ವಾ? ಔಷಧಿ ಅವ್ವ ಇದು, ಔಷಧಿ!"

ಅವ್ವ ಕನ್ನಡಕ ತರಿಸಿಕೊಂಡು ಹಾಕಿದಳು. ಫೋಟೋವನ್ನು ಬಹಳ ಹೊತ್ತು ನೋಡಿದಳು. ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಹೌದಾ," ಎಂದಳು. ಮತ್ತೆ ಕಾಲಿನ ಕಡೆ ನೋಡಿದಳು. ನನಗೆ ಮೂವತ್ತು ವರ್ಷದ ಬಾಕಿ ತೀರಿದಷ್ಟು ಸಮಾಧಾನವಾಯಿತು. ಆವತ್ತು ಅತ್ತಿಗೆ ಮಾಡಿದ ಕೋಳಿಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡೆ.

ಸೋಮವಾರ ಮೊದಲ ಪೀರಿಯಡ್. ಪ್ರಯೋಗ ಮಾಡುವ ಕ್ರಮದ ಪಾಠ. ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುವ ಒಂದು ವಾಕ್ಯ ಉಂಟು: ಕಂಟ್ರೋಲ್ ಇಲ್ಲದ ಪ್ಲೇಟು ಪ್ಲೇಟೇ ಅಲ್ಲ. ಎಂದರೆ, ನಿಮ್ಮ ಮದ್ದು ಹಾಕಿದ ಗುಂಡಿಯ ಪಕ್ಕದಲ್ಲಿ ಮದ್ದಿಲ್ಲದ, ಉಳಿದದ್ದೆಲ್ಲ ಇರುವ ಇನ್ನೊಂದು ಗುಂಡಿ ಬೇಕು. ಇಲ್ಲದಿದ್ದರೆ ಕೊಂದದ್ದು ಯಾರು ಎಂದು ಹೇಳುವ ಹಾಗಿಲ್ಲ. 'ಕಂಟ್ರೋಲ್ ಇಲ್ಲದ' ಎಂದು ಬರೆದವಳ ಕೈ ಅಲ್ಲೇ ನಿಂತಿತು. ನನ್ನ ತಿಳಿಯಲ್ಲಿ ಪ್ರೋಟೀನು ಇತ್ತೋ ಇಲ್ಲವೋ ದೇವರಿಗೇ ಗೊತ್ತು, ಉಪ್ಪು ಮಾತ್ರ ಬೇಕಾದಷ್ಟಿತ್ತು. ಪಕ್ಕದಲ್ಲಿ ಬರೀ ಉಪ್ಪು ನೀರಿನ ಗುಂಡಿ ನಾನು ಮಾಡಿಯೇ ಇರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆ ದಿನವೇ ಹಾಕಿದೆ. ಮಂಗಳವಾರ ನೋಡಿದರೆ ಉಪ್ಪು ನೀರಿನ ಗುಂಡಿಯ ಸುತ್ತ ಅದೇ ಉಂಗುರ, ಅಷ್ಟೇ ಅಗಲ. ಆಮೇಲೆ ತಿಳಿಯನ್ನು ತೆಳು ಪೊರೆಯ ಚೀಲದಲ್ಲಿ ಕಟ್ಟಿ ನೀರಿನಲ್ಲಿ ತೂಗುಬಿಟ್ಟು ಉಪ್ಪನ್ನು ಹೊರಗೆ ಹೋಗಲು ಬಿಟ್ಟೆ. ಪ್ರೋಟೀನು ದೊಡ್ಡದು, ಚೀಲದಲ್ಲೇ ಉಳಿಯುತ್ತದೆ. ಉಪ್ಪು ಹೋದ ತಿಳಿಯನ್ನು ಅದೇ ರೋಗಾಣುವಿಗೆ ಹಾಕಿದರೆ ಉಂಗುರ ಇಲ್ಲ. ಏನೂ ಇಲ್ಲ. ಅದೇ ತಿಳಿಯನ್ನು ಉಪ್ಪಿನ ತಟ್ಟೆಯಲ್ಲಿ ಬೆಳೆದ, ಕೆಂಪು ಜೀವಿಯ ದಾಯಾದಿಯೊಂದರ ಮೇಲೆ ಹಾಕಿದಾಗ ಮಾತ್ರ, ಕಣ್ಣು ಕಿರಿದು ಮಾಡಿದರೆ ಕಾಣುವಷ್ಟು, ಒಂದು ಗೆರೆಯ ಖಾಲಿ. ಅದು ನಿಜವಾದ ಉಂಗುರ. ಬೇಲಿಯ ಜಗಳದ ಉಂಗುರ. ಅವ್ವನ ಕಾಲಿಗೂ ಅದಕ್ಕೂ ಸಂಬಂಧ ಇರಲಿಲ್ಲ.

ಆ ಮಂಗಳವಾರವೇ ಫೋನ್ ಮಾಡಿ ಹೇಳಬಹುದಿತ್ತು. ಒಂದು ನಿಮಿಷದ ಮಾತು. 'ಅವ್ವ, ನಾನು ಹೇಳಿದ್ದು ತಪ್ಪು.' ನನ್ನ ಬಾಯಿಗೆ ಅದು ಬರಲೇ ಇಲ್ಲ. ಆಣೆ ಹಾಕಿ ಪೆಟ್ಟು ತಿಂದ ಹುಡುಗಿಗೆ ಶನಿವಾರ ಸಿಕ್ಕಿದ ಗೆಲುವನ್ನು ಮಂಗಳವಾರ ವಾಪಸು ಕೊಡುವುದು ಹೇಗೆ? ಹೇಗೂ ಇಂಜೆಕ್ಷನ್ ನಡೆಯುತ್ತಿದೆ, ಎದುರು ಸಿಕ್ಕಾಗ ಹೇಳಿದರಾಯಿತು ಎಂದು ತಳ್ಳಿದೆ. ಮುಂದಿನ ಶನಿವಾರ ಪರೀಕ್ಷೆಯ ಕೆಲಸ ಬಂತು. ಅದರ ಮುಂದಿನದು ನೆಂಟರ ಮದುವೆ. ದಿನಕ್ಕೆರಡು ಸಲ ಫೋನ್ ಮಾಡಿ "ಕಾಲು ಹೇಗುಂಟು?" ಎಂದು ಕೇಳುವುದು, "ಚಂದ ಉಂಟು, ನೀನು ಮಂಡೆ ಬಿಸಿ ಮಾಡ್ಬೇಡ," ಎಂದು ಅವಳು ಹೇಳುವುದು. ಅವಳ ದನಿಯಲ್ಲಿ ಎಂದೂ ಇಲ್ಲದ ಉಲ್ಲಾಸ ಇತ್ತು. ಅದು ನನಗೆ ಸರಿ ಕಾಣಲಿಲ್ಲ. ನಿದ್ದೆ ಬಾರದೆ ಎದ್ದೆದ್ದು ಕೂರುತ್ತಿದ್ದೆ.

ಎರಡೂವರೆ ವಾರದ ಮೇಲೆ, ಒಂದು ಗುರುವಾರ, ಅತ್ತಿಗೆಯ ಫೋನು ಬಂತು.

"ನೀನೊಮ್ಮೆ ಬಾ ಮಾರಾಯ್ತಿ. ಅತ್ತೆ ಡ್ರೆಸ್ಸಿಂಗಿಗೆ ಕಡಬದ ಆಸ್ಪತ್ರೆಗೆ ಹೋಗುದನ್ನು ಬಿಟ್ಟಿದ್ದಾರೆ. ನಾನೇ ಕಟ್ಕೊಳ್ತೇನೆ ಅಂತಾರೆ, ನನಗೆ ಕಾಲು ತೋರಿಸುದಿಲ್ಲ. ಬಟ್ಟೆ ಯಾವಾಗ್ಲೂ ನೀರು ಹಿಡಿದು ಚಂಡಿ ಇರ್ತದೆ. ಒಂದು ನಮೂನೆ ವಾಸನೆ ಬರ್ತಾ ಉಂಟು."

ಕ್ಲಾಸು ಬಿಟ್ಟು ಹೊರಟೆ. ರೈಲಿನ ಹೊತ್ತಲ್ಲ, ಬಸ್ಸು. ಉಪ್ಪಿನಂಗಡಿಯಲ್ಲಿ ಕಾದೆ, ಕೊಯಿಲದ ಹತ್ತಿರ ಸರಕಾರಿ ಫಾರ್ಮಿನ ದನಗಳ ಮಂದೆಯೊಂದು ರಸ್ತೆ ದಾಟುವವರೆಗೆ ಕಾದೆ. ಡ್ರೈವರನನ್ನೂ ದನಗಳನ್ನೂ ಮನಸ್ಸಿನಲ್ಲೇ ಬೈದೆ. ಮನೆ ತಲುಪಿದಾಗ ಚಾವಡಿಯ ಕುರ್ಚಿ ಖಾಲಿ. ಅವ್ವ ಬಚ್ಚಲಲ್ಲಿದ್ದಳು. ಮಣೆಯ ಮೇಲೆ ಕೂತು, ಬಟ್ಟೆ ಬಿಚ್ಚಿದ ಬಲಗಾಲನ್ನು ಪ್ಲಾಸ್ಟಿಕ್ ಬೋಗುಣಿಯಲ್ಲಿ ಇಳಿಬಿಟ್ಟಿದ್ದಳು. ಬೋಗುಣಿಯ ನೀರು ಕೆಂಪು. ಪಕ್ಕದಲ್ಲಿ ಆ ಭರಣಿ.

"ಬಂದ್ಯಾ?" ಎಂದಳು, ಸಿಕ್ಕಿಬಿದ್ದ ಮಕ್ಕಳ ಹಾಗೆ ನಗುತ್ತಾ. "ನಿನಗೆ ಗುಣ ಆದ ಮೇಲೇ ಹೇಳುವ ಅಂತ ಇದ್ದೆ. ದಿನಾ ಅರ್ಧ ಗಂಟೆ ಇಡ್ತಾ ಇದ್ದೇನೆ. ಉರಿಯುದೇ ಇಲ್ಲ ಮಗಳೆ! ಉಪ್ಪು ನೀರಲ್ವಾ, ಹುಣ್ಣಿಗೆ ಬಿದ್ರೆ ಪ್ರಾಣ ಹೋಗುವಷ್ಟು ಉರಿಬೇಕಲ್ಲ? ಒಂಚೂರೂ ಉರಿಯುದಿಲ್ಲ. ಆಗ ನನಗೆ ಗೊತ್ತಾಯ್ತು, ಇದು ಔಷಧಿಯೇ ಅಂತ."

ನಾನು ಕೆಳಗೆ ಬಗ್ಗಿ ಅವಳ ಕಾಲನ್ನು ಎತ್ತಿದೆ. ಹುಣ್ಣಿನ ಸುತ್ತಲ ಚರ್ಮ ನೆನೆದು ಬಿಳುಚಿ ಸುಲಿದು ಬಂದಿತ್ತು. ಹೆಬ್ಬೆರಳೂ ಅದರ ಪಕ್ಕದ ಬೆರಳೂ ಕಪ್ಪಗಾಗಿದ್ದವು. ತೂತಿನ ಆಳದಲ್ಲಿ ಬೆಳ್ಳಗೆ ಏನೋ ಕಾಣುತ್ತಿತ್ತು, ಏನೆಂದು ನನಗೆ ಗೊತ್ತು: ಎಲುಬು. ಅವಳಿಗೆ ಉರಿಯದೇ ಇದ್ದದ್ದು ಅಲ್ಲಿ ಉರಿಯನ್ನು ತಿಳಿಯುವ ನರ ಸತ್ತುಹೋಗಿದ್ದರಿಂದ. ತಂತಿ ಚುಚ್ಚಿದ್ದೂ ಅದಕ್ಕೇ ಅವಳಿಗೆ ಗೊತ್ತಾಗಿರಲಿಲ್ಲ. ಅಯ್ಯೋ ದೇವರೇ, ಎಂತ ಮಾಡಿಬಿಟ್ಟೆ ಎಂದು ನಾನು ಗಟ್ಟಿಯಾಗಿ ಅಂದಿರಬೇಕು. ಅವ್ವ ಗಾಬರಿಯಾಗಿ, "ನಾನು ಮಾಡಿದ್ದು ಕಮ್ಮಿ ಆಯ್ತಾ? ದಿನಕ್ಕೆರಡು ಸಲ ಮಾಡ್ಬೇಕಿತ್ತಾ?" ಎಂದು ಕೇಳಿದಳು.

ಅಣ್ಣ ಜೀಪು ತೆಗೆದ. ದಾರಿಯುದ್ದಕ್ಕೂ ಅವಳ ಕಾಲು ನನ್ನ ಮಡಿಲಲ್ಲಿತ್ತು.

ಪುತ್ತೂರಿನ ಡಾಕ್ಟರು ಟಾರ್ಚು ಹಿಡಿದು ಹುಣ್ಣನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಏನು ಪಾಠ ಮಾಡುತ್ತೇನೆಂದು ಅವರಿಗೆ ಗೊತ್ತು.

"ನೀರಲ್ಲಿ ನೆನೆಸಿದ್ದಾ ಇದನ್ನು? ಒಣಗಿರ್ಬೇಕು ಅಂತ ಅಷ್ಟು ಹೇಳಿದ್ದೆನಲ್ಲ. ಯಾರು ಹೇಳಿದ್ದು ನಿಮಗೆ ಹೀಗೆ ಮಾಡ್ಲಿಕ್ಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿದಳು. "ಯಾರೂ ಹೇಳಲಿಲ್ಲ ಡಾಕ್ಟ್ರೆ. ನಮ್ಮ ಹಳೇ ಕಾಲದ ಮದ್ದು. ನಾನೇ ಮಾಡಿದ್ದು. ಇವಳಿಗೆ ಗೊತ್ತೇ ಇಲ್ಲ."

ನಾನು ತೆರೆದ ಬಾಯಿಯನ್ನು ಮುಚ್ಚಿದೆ. ಹೌದು, ಮುಚ್ಚಿದೆ. ಮೂರು ವಾರದೊಳಗೆ ಎರಡನೇ ಸಲ. ಡಾಕ್ಟರು "ಹಳೇ ಕಾಲದ ಮದ್ದಂತೆ, ಕರ್ಮ," ಎಂದು ಗೊಣಗಿ ಕಾಗದ ಬರೆದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಮರುದಿನ ಎರಡು ಬೆರಳು ತೆಗೆದರು. ಇಡೀ ಪಾದ ಹೋಗುತ್ತದೋ ಎಂಬುದು ನಾಲ್ಕು ದಿನ ಯಾರಿಗೂ ಗೊತ್ತಿರಲಿಲ್ಲ. ಆ ನಾಲ್ಕು ದಿನ ನಾನು ಆಸ್ಪತ್ರೆಯ ಉದ್ದಗಲ ಎಷ್ಟು ಸಲ ನಡೆದೆನೋ. ನರ್ಸಮ್ಮ ಒಬ್ಬರು, "ನೀವು ಒಮ್ಮೆ ಕೂತ್ಕೊಳ್ಳಿ ಮಾರಾಯ್ರೆ, ನಮಗೆ ತಲೆ ತಿರುಗ್ತದೆ," ಎಂದರು. ಐದನೇ ದಿನ ಡಾಕ್ಟರು ಕಟ್ಟು ಬಿಚ್ಚಿ ನೋಡಿ, ಕಪ್ಪು ಮುಂದೆ ಹೋಗಿಲ್ಲ, ಪಾದ ಉಳಿಯಿತು ಎಂದರು. ಅಣ್ಣ ಹೊರಗೆ ಹೋಗಿ ಅತ್ತ. ಅವನು ಅಳುವುದನ್ನು ನಾನು ಅಪ್ಪ ಹೋದ ಮೇಲೆ ನೋಡಿರಲಿಲ್ಲ.

ಆ ಮಧ್ಯಾಹ್ನ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ನಾನು ಹೇಳಿಬಿಟ್ಟೆ. ಮಂಚದ ಕಾಲಬದಿಯಲ್ಲಿ ನಿಂತುಕೊಂಡು, ಒಂದೇ ಉಸಿರಿಗೆ.

"ಅವ್ವ, ಆ ಫೋಟೋ ತಪ್ಪು. ಬರೀ ಉಪ್ಪು ನೀರು ಹಾಕಿದ್ರೂ ಹಾಗೇ ಆಗ್ತದೆ. ನಾನು ಸರಿಯಾಗಿ ನೋಡದೆ ನಿನಗೆ ತೋರಿಸಿದ್ದು. ಮೂರೇ ದಿನದಲ್ಲಿ ನನಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ನಿನಗೆ ಹೇಳಲಿಲ್ಲ. ನನಗೆ... ನಿನ್ನೆದುರು ಸೋಲ್ಲಿಕ್ಕೆ ಆಗಲಿಲ್ಲ. ನಿನ್ನ ಬೆರಳು ಹೋದದ್ದು ನನ್ನಿಂದ."

ಬೈಯಲಿ ಎಂದು ಕಾದೆ. ಬೈದರೆ ಹಗುರವಾಗುತ್ತಿತ್ತು. ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಆ ಡಾಕ್ಟ್ರಿಗೆ ಹೇಳ್ಬೇಡ ಇನ್ನು," ಎಂದಳು. "ನಿನ್ನ ಕೆಲಸಕ್ಕೆ ಕೆಟ್ಟ ಹೆಸರು ಬರುದು ಬೇಡ."

"ಅವ್ವ, ನೀನು ನನಗೊಂದು ಮಾತು ಕೇಳ್ಬಹುದಿತ್ತಲ್ಲ! ಕಾಲು ಇಡ್ಲಾ ಅಂತ ಒಂದು ಫೋನು! ಯಾವಾಗ ನೀನು ನಾನು ಹೇಳಿದ್ದನ್ನು ಹಾಗೇ ನಂಬಿದ್ದು? ಜನ್ಮದಲ್ಲಿ ನಂಬಿದವಳಲ್ಲ!" ನನ್ನ ದನಿ ಏರಿತು. ತಪ್ಪು ನನ್ನದು, ಸಿಟ್ಟೂ ನನ್ನದೇ. ನನ್ನ ಹಣೆಬರಹ ಅದು.

ಅವಳು ನನ್ನ ಕಡೆ ತಿರುಗಿದಳು.

"ಏಳನೇ ಕ್ಲಾಸಲ್ಲಿ ನೀನು ಮುಟ್ಟಲಿಲ್ಲ ಅಂತ ಹೇಳಿದಿ," ಎಂದಳು. "ದೈವದ ಆಣೆ ಹಾಕ್ಬಿಟ್ಟಿ. ನಾನು ನಂಬಲಿಲ್ಲ. ಮತ್ತೆ ನೀನು ಓದಿ ಬಂದು ಹೇಳಿದಿ, ನನಗೆ ತಲೆ ಎತ್ಲಿಕ್ಕೆ ಆಗಲಿಲ್ಲ, ಮೀನು ಕೊಯ್ತಾ ಕೂತೆ. ಎಂತ ಹೇಳುದು ಮಗಳಿಗೆ? ಹೇಳ್ಲಿಕ್ಕೆ ಬರುದಿಲ್ಲ ನನಗೆ. ಅದಕ್ಕೇ ಈ ಸಲ ಕೇಳ್ಲಿಕ್ಕೆ ಹೋಗಲಿಲ್ಲ. ನೀನು ಹೇಳಿದ್ದಿ ಅಂತ ನಂಬಿದೆ."

ಮಂಚದ ಪಕ್ಕದಲ್ಲಿ ಒಂದು ಕಬ್ಬಿಣದ ಸ್ಟೂಲು ಇತ್ತು. ಐದು ದಿನದಿಂದ ನಾನು ಅದನ್ನು ಕಾಲಿನಲ್ಲಿ ಆಚೆ ಈಚೆ ತಳ್ಳುತ್ತಿದ್ದೆನೇ ಹೊರತು ಕೂತಿರಲಿಲ್ಲ. ಅದನ್ನು ಎಳೆದುಕೊಂಡು ಕೂತೆ. ಸಂಜೆ ಅತ್ತಿಗೆ ಗಂಜಿ ತರುವವರೆಗೆ ಅಲ್ಲಿಂದ ಏಳಲಿಲ್ಲ.